ಮೂತ್ರಪಿಂಡ ರೋಗಸೂಚಕ ಕಿಣ್ವಗಳ ಪ್ರತಿದೀಪ್ತಿ ಶೋಧಕಗಳು

ಮೂತ್ರಪಿಂಡದ ಜೀವಕೋಶಗಳು ಘಾಸಿಗೊಂಡಾಗ ಹೊರಬರುವ ಕಿಣ್ವಗಳೊಡನೆ ವರ್ತಿಸಿ, ಆ ವರ್ತನೆಯಿಂದಲೇ ಬೆಳಗತೊಡಗುವ ಸಂಯುಕ್ತಗಳಿಗೆ ಈ ಹೆಸರಿದೆ. ಬೆಳಕನ್ನು ಹೀರಿದ ವಸ್ತು ಅದಕ್ಕಿಂತ ಹೆಚ್ಚಿನ ತರಂಗಾಂತರದ ಬೆಳಕನ್ನು ಒಡನೆಯೇ ಹೊರಸೂಸುವುದು ಪ್ರತಿದೀಪ್ತಿ.

ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನು ಅಳೆದು ಮೂತ್ರಪಿಂಡದ ಸ್ಥಿತಿಯನ್ನು ಅರಿಯುವುದು ವಾಡಿಕೆಯಾದರೂ, ಸೋಸುವ ಸಾಮರ್ಥ್ಯ ಸುಮಾರು ಅರ್ಧದಷ್ಟು ಕುಗ್ಗುವವರೆಗೂ ಆ ಅಂಕಿ ಸಹಜ ಮಿತಿಯಲ್ಲೇ ಉಳಿಯಬಹುದು. ಕಿಣ್ವಗಳ ಮಹತ್ವ ಇರುವುದು ಇಲ್ಲಿಯೇ. ಮೂತ್ರಪಿಂಡದೊಳಗಿನ ಸೂಕ್ಷ್ಮ ನಾಳಿಕೆಗಳ ಆರಂಭದ ಭಾಗದ ಕೋಶಗಳಲ್ಲಿ, ತ್ಯಾಜ್ಯವನ್ನು ಜೀರ್ಣಿಸುವ ಲೈಸೋಸೋಮ್ ಎಂಬ ಪುಟ್ಟ ಚೀಲಗಳೊಳಗೆ, ಎನ್‌-ಅಸಿಟೈಲ್‌-ಬೀಟಾ-ಡಿ-ಗ್ಲೂಕೋಸಮಿನಿಡೇಸ್ (ಎನ್‌ಎಜಿ) ಹೇರಳವಾಗಿದೆ. ಅದರ ಅಣುತೂಕ 1,30,000 ಡಾಲ್ಟನ್ನಿನ ಆಸುಪಾಸಿನಲ್ಲಿರುವುದರಿಂದ ರಕ್ತದಿಂದ ಸೋಸಿ ಬರಲಾರದು, ಹಾಗಾಗಿ ಮೂತ್ರದಲ್ಲಿ ಅದು ಏರಿದರೆ ನಾಳಿಕೆಗೇ ಪೆಟ್ಟು ಬಿದ್ದಿದೆ ಎಂದು ಊಹಿಸಬಹುದು. ಜೆಂಟಾಮೈಸಿನ್, ಸಿಸ್ಪ್ಲಾಟಿನ್‌ನಂಥ ಔಷಧಗಳು, ಕ್ಯಾಡ್ಮಿಯಂ ಸೇವನೆ, ಮಧುಮೇಹ ಇವೆಲ್ಲ ಈ ಏರಿಕೆಗೆ ಕಾರಣವಾಗುತ್ತವೆ. ನಾಳಿಕೆಯ ಒಳಅಂಚಿನಲ್ಲಿರುವ ಗಾಮಾ-ಗ್ಲುಟಾಮಿಲ್ ಟ್ರಾನ್ಸ್‌ಫರೇಸ್ ಇಂಥದೇ ಇನ್ನೊಂದು ಸೂಚಕ.

ಎನ್‌ಎಜಿಯ ಹಳೆಯ, ಇಂದಿಗೂ ಬಳಕೆಯಲ್ಲಿರುವ ಶೋಧಕವು 4-ಮೀಥೈಲ್‌ಅಂಬೆಲಿಫೆರೋನ್ ಎಂಬ ವರ್ಣಕಕ್ಕೆ ಸಕ್ಕರೆಯ ತುಣುಕೊಂದನ್ನು ಜೋಡಿಸಿದ ಅಣು. ಜೋಡಣೆ ಇರುವಷ್ಟು ಕಾಲ ವರ್ಣಕ ಮಂಕಾಗಿರುತ್ತದೆ, ಸುಮಾರು 4.5 ಪಿಎಚ್‌ನ ಆಮ್ಲೀಯ ದ್ರಾವಣದಲ್ಲಿ ಕಿಣ್ವವು ಆ ಕೊಂಡಿಯನ್ನು ಕತ್ತರಿಸಿದ ಮೇಲೆ, ಕ್ಷಾರ ಬೆರೆಸಿ ಕ್ರಿಯೆಯನ್ನು ನಿಲ್ಲಿಸಿ, 365 ನ್ಯಾನೊಮೀಟರ್ ಸುಮಾರಿನ ನೇರಳಾತೀತ ಬೆಳಕು ಹಾಯಿಸಿದರೆ ನಳಿಗೆಯಲ್ಲಿ ನೀಲಿ ಹೊಳಪು ಮೂಡುತ್ತದೆ, ಅದರ ತೀವ್ರತೆಯೇ ಕಿಣ್ವದ ಚಟುವಟಿಕೆಯ ಅಳತೆಯಾಗುತ್ತದೆ. ಮೂತ್ರಕ್ಕೂ ತನ್ನದೇ ಆದ ನೀಲಿ ಹೊಳಪಿರುವುದು, ಅದರ ಯೂರಿಯಾ ಕಿಣ್ವವನ್ನು ತಡೆಯುವುದು ಈ ವಿಧಾನದ ನಿಜವಾದ ತೊಡಕುಗಳು. ಕುಡಿದ ನೀರಿಗೆ ತಕ್ಕಂತೆ ಮೂತ್ರ ತೆಳುವಾಗುವುದರಿಂದ ಫಲಿತಾಂಶವನ್ನು ಮೂತ್ರದ ಕ್ರಿಯಾಟಿನಿನ್ನಿನೊಡನೆ ಹೋಲಿಸಿಯೇ ಹೇಳಬೇಕಾಗುತ್ತದೆ.

ಅಂಗಾಂಶವನ್ನು ಹೆಚ್ಚು ಆಳಕ್ಕೆ ಹಾಯಬಲ್ಲ ಸಮೀಪ-ಅವಕೆಂಪು ಬೆಳಕಿನ ಶೋಧಕಗಳತ್ತ ಸಂಶೋಧನೆ ಹೊರಳಿದ್ದಕ್ಕೆ ಮೂತ್ರದ ಆ ನೀಲಿ ಹೊಳಪಿನ ತೊಡಕೂ ಒಂದು ಕಾರಣ. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ಕಾನ್‌ಯಿ ಪು ಅವರ ತಂಡ 2019ರಲ್ಲಿ ಪ್ರಕಟಿಸಿದ ಶೋಧಕಗಳು ಮೂತ್ರಪಿಂಡದ ಮೂಲಕವೇ ಬೇಗ ಹೊರಹೋಗುವಂತೆ ರಚಿತವಾಗಿದ್ದು, ಸಿಸ್ಪ್ಲಾಟಿನ್ ಕೊಟ್ಟ ಇಲಿಗಳಲ್ಲಿ ಮೊದಲು ಸೂಪರಾಕ್ಸೈಡ್ ಎಂಬ ಆಮ್ಲಜನಕದ ಕ್ರಿಯಾಶೀಲ ರೂಪ, ಬಳಿಕ ಎನ್‌ಎಜಿ, ಕೊನೆಗೆ ಕೋಶಗಳ ಸಾವಿನ ಕಿಣ್ವವಾದ ಕ್ಯಾಸ್ಪೇಸ್-3 ಕಾಣಿಸಿಕೊಳ್ಳುವ ಕ್ರಮವನ್ನು ತೋರಿಸಿಕೊಟ್ಟವು. ಆಗಿನ ಚಿತ್ರಣ ವಿಧಾನಗಳಿಗಿಂತ ಕನಿಷ್ಠ 36 ಗಂಟೆ ಮುಂಚೆ ಹಾನಿಯ ಆರಂಭ ಗೊತ್ತಾಯಿತು. ಇಲಿಯ ತೆಳು ಮೈಯನ್ನು ದಾಟಿದ ಬೆಳಕು ಮನುಷ್ಯನ ಬೆನ್ನಿನ ದಪ್ಪ ಸ್ನಾಯುಗಳನ್ನು ದಾಟಿ ಬರುವುದು ಕಷ್ಟವಾದ್ದರಿಂದ, ಮೂತ್ರಕ್ಕೆ ಇಳಿದ ಶೋಧಕವನ್ನು ದೇಹದ ಹೊರಗೆ ಅಳೆಯುವುದೇ ರೋಗಿಗಳ ಮಟ್ಟಿಗೆ ಹೆಚ್ಚು ಭರವಸೆಯ ದಾರಿಯಾಗಿದೆ.