ಹ್ಯಾಂಡಲ್‌ನಿಂದ ಕೀಲಿಕೈವರೆಗೆ



ರಾಯಚೂರಿನ ನಿಲ್ದಾಣದಲ್ಲಿ ದೇವದುರ್ಗದ ಅಥವಾ ಮಾನ್ವಿಯ ಬಸ್ಸು ಹತ್ತಿ ಕುಳಿತಿದ್ದೀರಿ. ಚಾಲಕರು ಕೀಲಿ ತಿರುವಿದ ಕೂಡಲೇ ಇಂಜಿನ್ನು ಗುಡುಗುತ್ತದೆ. ಇಷ್ಟು ಕೆಲಸಕ್ಕೆ ಒಂದು ಕಾಲದಲ್ಲಿ ಜನ ಕೈ ಮುರಿದುಕೊಳ್ಳುತ್ತಿದ್ದರು.

ಆಗ ನಮ್ಮ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರೊಂದನ್ನು ಮಾಡಿಸಲು ಹೇಳಿದ್ದರು. 1911ರಲ್ಲಿ ಅವರು ತೀರಿಕೊಂಡರು. 1912ರ ಆ ಹಳದಿ ಕಾರು ಮಗ ಮೀರ್ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂತು. ಒಳಗೆ ಸಿಂಹಾಸನದಂಥ ಆಸನ. ಆದರೆ ಸ್ಟಾರ್ಟರ್ ಇಲ್ಲ! ಆ ಕಂಪನಿ ವಿದ್ಯುತ್ ಸ್ಟಾರ್ಟರ್ ಕೊಡಲು ಆರಂಭಿಸಿದ್ದು 1919ರಲ್ಲಿ. ದೊರೆಯ ಕಾರಾದರೂ ಯಾರೋ ಒಬ್ಬರು ಮುಂದೆ ನಿಂತು ಹ್ಯಾಂಡಲ್ ತಿರುವಲೇಬೇಕಿತ್ತು. ಕಿಡಿ ಬೇಗ ಹಾರಿದರೆ ಇಂಜಿನ್ನು ಹಿಮ್ಮುಖವಾಗಿ ಒದೆಯುತ್ತಿತ್ತು, ಮಣಿಕಟ್ಟು ಮುರಿಯುತ್ತಿತ್ತು. ಅದಕ್ಕೇ ಹೆಬ್ಬೆರಳಿನಿಂದ ಹ್ಯಾಂಡಲ್ ಸುತ್ತಿ ಹಿಡಿಯದೆ, ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕೆಂದು ಕಲಿಸುತ್ತಿದ್ದರು.

ಅದೇ 1912ರ ಮಾದರಿಯ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರ್ ಇತ್ತು. ಇಂಜಿನ್ನನ್ನು ತಿರುಗಿಸಲು ಬಹಳ ದೊಡ್ಡ ಮೋಟರ್ ಬೇಕೆಂಬ ಭಾವನೆ ಆಗಿತ್ತು. ಕೆಟರಿಂಗ್ ಮೊದಲು ಅಂಗಡಿಗಳ ಹಣದ ಯಂತ್ರಕ್ಕೆ ಮೋಟರ್ ಮಾಡಿದ್ದವರು. ಕೆಲವೇ ಸೆಕೆಂಡು ದುಡಿಯುವ ಚಿಕ್ಕ ಮೋಟರ್ ಮಿತಿಮೀರಿದ ಭಾರವನ್ನೂ ತಡೆಯಬಲ್ಲದೆಂಬುದು ಅವರಿಗೆ ಗೊತ್ತಿತ್ತು. ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟಿನಲ್ಲಿ ಇಂಜಿನ್ ತಿರುಗಿಸುವುದು, ಬಳಿಕ ಸಮಾಂತರಕ್ಕೆ ಬದಲಿಸಿ 6 ವೋಲ್ಟಿನಲ್ಲಿ ಚಾರ್ಜ್ ಮಾಡುವುದು ಅವರ ಉಪಾಯ. ಜಾಣತನವೇನೋ ಸರಿ, ಆದರೆ ಸ್ವಿಚ್ಚಿನ ಜಂಜಾಟ ಹೆಚ್ಚು.

ವೋಲ್ಟೇಜಿನ ಗೊಡವೆ ಏಕೆ? ವಿಜ್ಞಾನದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ. ಸ್ಟಾರ್ಟರಿಗೆ 1500 ವ್ಯಾಟ್ ಬೇಕೆನ್ನಿ. 6 ವೋಲ್ಟಾದರೆ 250 ಆಂಪಿಯರ್, 12 ವೋಲ್ಟಾದರೆ 125. ತಂತಿ ಮತ್ತು ಜೋಡಣೆಗಳ ರೋಧ 0.004 ಓಮ್ ಇದ್ದರೆ ಮೊದಲನೆಯದರಲ್ಲಿ 1 ವೋಲ್ಟ್, ಅಂದರೆ ಆರರಲ್ಲಿ ಒಂದು ಪಾಲು, ದಾರಿಯಲ್ಲೇ ಹೋಗುತ್ತದೆ. ಎರಡನೆಯದರಲ್ಲಿ ಹೋಗುವುದು ಅರ್ಧ ವೋಲ್ಟ್, ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. 6 ವೋಲ್ಟಿನಲ್ಲಿ ನಷ್ಟ ತಗ್ಗಿಸಬೇಕಾದರೆ ದಪ್ಪ ತಾಮ್ರದ ಕೇಬಲ್ಲೇ ಬೇಕು.

ಆದರೂ 6 ವೋಲ್ಟ್ ಬಹುಕಾಲ ಬಾಳಿತು. ಸೀಸದ ಬ್ಯಾಟರಿಯ ಒಂದು ಕೋಶಕ್ಕೆ 2 ವೋಲ್ಟ್. ಮೂರು ಕೋಶಗಳಿದ್ದರೆ ಸಾಕಾಗುತ್ತಿತ್ತು. ದೀಪದ ತಂತಿ ದಪ್ಪವಿದ್ದು ರಸ್ತೆಯ ಕುಲುಕಾಟಕ್ಕೆ ಬೇಗ ತುಂಡಾಗುತ್ತಿರಲಿಲ್ಲ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು ಕೂಡ ಸಾಮಾನ್ಯವಾಗಿ 6 ವೋಲ್ಟಿನದೇ. 1950ರ ದಶಕದಲ್ಲಿ ಇಂಜಿನ್ನುಗಳ ಒತ್ತಡ ಹೆಚ್ಚಿ ತಿರುಗಿಸುವುದು ಕಷ್ಟವಾದಾಗ ಅಮೆರಿಕದ ಕಾರುಗಳು 12ಕ್ಕೆ ಹೊರಳಿದವು. ದೊಡ್ಡ ಡೀಸೆಲ್ ಬಸ್ಸು, ಲಾರಿಗಳಿಗೆ ಹೆಚ್ಚಾಗಿ 24 ವೋಲ್ಟ್.

1932ರಲ್ಲಿ ನಿಜಾಮ ಸರ್ಕಾರ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸುವ ಹೊತ್ತಿಗೆ ಹೊರಗಿನ ಕಾರುಗಳಲ್ಲಿ ಸ್ಟಾರ್ಟರ್ ಸಾಮಾನ್ಯವಾಗಿತ್ತು. ಹಾಗೆಂದು ಹ್ಯಾಂಡಲ್ ಮಾಯವಾಗಲಿಲ್ಲ. ನಮ್ಮ ಹಳೆಯ ಅಂಬಾಸಿಡರ್ ಕಾರುಗಳಲ್ಲಿಯೂ ಅದಕ್ಕೊಂದು ರಂಧ್ರವಿತ್ತು.

ನಿಮ್ಮ ಮನೆಯ ಗಾಡಿ ಕೀಲಿ ತಿರುವಿದಾಗ ಬರೀ ಟಿಕ್ ಎಂದರೆ ತಕ್ಷಣ ಹೊಸ ಬ್ಯಾಟರಿಗೆ ಹಣ ಕೊಡಬೇಡಿ. ಟರ್ಮಿನಲ್ಲಿನ ಮೇಲೆ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಮೇಲೆ ಹೇಳಿದ ರೋಧ ಅಲ್ಲೇ ಕುಳಿತಿರಬಹುದು. ಇಂಜಿನ್ ನಿಲ್ಲಿಸಿ, ಮೊದಲು ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ ಶುಚಿಗೊಳಿಸಿ.