ಪಾಮ್ ಕಾಕಟೂ

ಗಿಳಿಗಳ ಗಣದ ಕಕಟೂಯಿಡೀ ಕುಟುಂಬಕ್ಕೆ ಸೇರಿದ ದೊಡ್ಡ ಕಪ್ಪು ಹಕ್ಕಿ. ವೈಜ್ಞಾನಿಕ ನಾಮ ಪ್ರೊಬಾಸಿಜರ್ ಅಟೆರಿಮಸ್. ನ್ಯೂ ಗಿನಿ, ಅದರ ನೈಋತ್ಯಕ್ಕಿರುವ ಅರು ದ್ವೀಪಸ್ತೋಮ ಹಾಗೂ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ರಾಜ್ಯದ ಉತ್ತರ ತುದಿಯಲ್ಲಿರುವ ಕೇಪ್ ಯಾರ್ಕ್ ಪರ್ಯಾಯದ್ವೀಪ ಇದರ ನೆಲೆಗಳು. 1788ರಲ್ಲಿ ಜರ್ಮನಿಯ ನಿಸರ್ಗವಿಜ್ಞಾನಿ ಗ್ಮೆಲಿನ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. 1820ರಲ್ಲಿ ಕೂಲ್ ಎಂಬ ವಿಜ್ಞಾನಿ ಇದನ್ನು ಪ್ರತ್ಯೇಕ ಕುಲಕ್ಕೆ ಸೇರಿಸಿದ. ಆ ಕುಲದಲ್ಲಿರುವುದು ಇದೊಂದೇ ಪ್ರಭೇದ.

ಹಕ್ಕಿಯ ಉದ್ದ 55ರಿಂದ 60 ಸೆಂ.ಮೀ., ತೂಕ ಸುಮಾರು 1 ಕೆ.ಜಿ. ಮೈಯೆಲ್ಲ ಬೂದು ಸವರಿದಂಥ ಕಪ್ಪು. ನೆತ್ತಿಯ ಮೇಲೆ ಹಿಂದಕ್ಕೆ ಬಾಗಿದ ನೀಳ ಗರಿಗಳ ಜುಟ್ಟು. ಗರಿಯಿಲ್ಲದ ಕೆನ್ನೆಯ ಕೆಂಪು ಚರ್ಮ ಹಕ್ಕಿ ಕೆರಳಿದಾಗ ಇನ್ನಷ್ಟು ಗಾಢವಾಗುತ್ತದೆ. ಭಾರಿ ಕೊಕ್ಕಿನ ಎರಡು ಭಾಗಗಳು ಪೂರ್ತಿ ಕೂಡಿಕೊಳ್ಳುವುದಿಲ್ಲ. ನಡುವಿನ ಸಂದಿನಲ್ಲಿ ಕಪ್ಪು ತುದಿಯ ಕೆಂಪು ನಾಲಿಗೆ ಕಾಣುತ್ತದೆ. ಗಂಡಿನ ಕೊಕ್ಕು ಹೆಣ್ಣಿನದಕ್ಕಿಂತ ದೊಡ್ಡದು.

ಈ ಸಂದಿನ ಉಪಯೋಗವನ್ನು ವಿವರವಾಗಿ ಬರೆದವನು 1857ರಲ್ಲಿ ಅರು ದ್ವೀಪಗಳಲ್ಲಿದ್ದ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್. ಅಲ್ಲಿ ಹಕ್ಕಿಯ ಮುಖ್ಯ ಆಹಾರ ಕನಾರಿ ಮರದ ಬೀಜ. ಈ ಮರ ನಮ್ಮ ಪಶ್ಚಿಮ ಘಟ್ಟದ ಕರಿಧೂಪದ ಕುಲಕ್ಕೇ ಸೇರಿದ್ದು. ಅದರ ವಾಟೆ ಒಡೆಯಲು ಭಾರವಾದ ಸುತ್ತಿಗೆಯೇ ಬೇಕು. ಹಕ್ಕಿ ಅದನ್ನು ನಾಲಿಗೆಯಿಂದ ಒತ್ತಿಹಿಡಿದು, ಕೆಳಗೊಕ್ಕಿನ ಚೂಪಾದ ಅಂಚಿನಿಂದ ಗರಗಸದಂತೆ ಉಜ್ಜಿ ಗೀರು ಕೊರೆಯುತ್ತದೆ. ಆಮೇಲೆ ಎಲೆಯ ಚೂರೊಂದನ್ನು ಕಚ್ಚಿ ತಂದು, ವಾಟೆ ಜಾರದಂತೆ ಅದನ್ನು ಮೇಲ್ಗೊಕ್ಕಿಗೆ ಒತ್ತು ಕೊಟ್ಟು, ಗೀರಿನ ಜಾಗದಲ್ಲಿ ಬಲವಾಗಿ ಕಚ್ಚಿ ಒಡೆಯುತ್ತದೆ. ತಿರುಳನ್ನು ಕೊಕ್ಕಿನ ತುದಿಯಿಂದ ಚೂರುಚೂರಾಗಿ ಕೀಳುತ್ತದೆ. ಕೇದಗೆ ಜಾತಿಯ ಮರಗಳ ಬೀಜಗಳನ್ನೂ ತಿನ್ನುತ್ತದೆ.

ಮಳೆಕಾಡು ಮತ್ತು ನೀಲಗಿರಿ ಜಾತಿಯ ಮರಗಳ ಬಯಲುಗಾಡು ಕೂಡುವ ಅಂಚು ಕೇಪ್ ಯಾರ್ಕ್‌ನಲ್ಲಿ ಇದಕ್ಕೆ ಮೆಚ್ಚಿನ ತಾಣ. ಗೂಡು ಹಳೆಯ ಮರದ ಪೊಟರೆಯಲ್ಲಿ. ಹಕ್ಕಿಗಳು ಕಡ್ಡಿಗಳನ್ನು ಸೀಳಿ ಪೊಟರೆಯ ತಳದಲ್ಲಿ ಹಾಸುತ್ತವೆ. ಇಡುವುದು ಒಂದೇ ಮೊಟ್ಟೆ, ಅದೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಮರಿ ಹುಟ್ಟುವಾಗ ಮೈಮೇಲೆ ತುಪ್ಪುಳವೂ ಇರುವುದಿಲ್ಲ.

ಗಂಡು ಹಕ್ಕಿ ಕೊಂಬೆಯೊಂದನ್ನು ಮುರಿದು, ಕೊಕ್ಕಿನಿಂದ ಹದಮಾಡಿ, ಕಾಲಲ್ಲಿ ಹಿಡಿದು ಪೊಟರೆಯ ಮರಕ್ಕೆ ಬಡಿಯುತ್ತದೆ. ಈ ಬಡಿತದ ಬಗ್ಗೆ 1984ರಲ್ಲಿ ವುಡ್ ಎಂಬ ಸಂಶೋಧಕರ ವರದಿ ಪ್ರಕಟವಾಯಿತು. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ರಾಬರ್ಟ್ ಹೈನ್‌ಸೋನ್ ಮತ್ತು ಸಂಗಡಿಗರು 18 ಗಂಡುಗಳ 131 ಬಡಿತದ ಸರಣಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಬಂಧ ಪ್ರಕಟಿಸಿದರು. ಬಡಿತ ಲಯಬದ್ಧವಾದದ್ದೆಂದೂ ಪ್ರತಿ ಗಂಡಿಗೂ ತನ್ನದೇ ಶೈಲಿಯಿದೆಯೆಂದೂ ಅದು ತೋರಿಸಿತು. ಸದ್ದು ಮಾಡಲೆಂದೇ ಸಾಧನ ತಯಾರಿಸಿ ಲಯವಾಗಿ ಬಡಿಯುವ ಪ್ರಾಣಿ ಮನುಷ್ಯನನ್ನು ಬಿಟ್ಟರೆ ತೀರ ವಿರಳ.

ಕೇಪ್ ಯಾರ್ಕ್‌ನಲ್ಲಿ ಮರಿಗಳು ಬದುಕುಳಿಯುವುದು ಬಹಳ ಕಡಿಮೆ. ಐರನ್ ರೇಂಜ್ ಕಾಡಿನ ಅಧ್ಯಯನದ ಪ್ರಕಾರ ಒಂದು ಹೆಣ್ಣು ಸರಾಸರಿ ಹತ್ತು ವರ್ಷಕ್ಕೊಂದು ಮರಿಯನ್ನಷ್ಟೇ ಹಾರುವ ಹಂತಕ್ಕೆ ಬೆಳೆಸುತ್ತದೆ. ಗೆದ್ದಲು, ಬೆಂಕಿಗಳಿಂದ ಮರ ಟೊಳ್ಳಾಗಿ ಗೂಡಿಗೊದಗುವಷ್ಟು ದೊಡ್ಡ ಪೊಟರೆ ಮೂಡಲು ನೂರಾರು ವರ್ಷ ಬೇಕು. ಬಾಕ್ಸೈಟ್ ಗಣಿಗಾರಿಕೆ ಮತ್ತು ಉಗ್ರ ಕಾಳ್ಗಿಚ್ಚುಗಳಿಗೆ ಇಂಥ ಮರಗಳು ಬಲಿಯಾಗುತ್ತವೆ. 1987ರಲ್ಲಿ ಈ ಹಕ್ಕಿಯನ್ನು ವನ್ಯಜೀವಿ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದ್ದರಿಂದ ಅಂತರರಾಷ್ಟ್ರೀಯ ಮಾರಾಟಕ್ಕೆ ಕಡಿವಾಣ ಬಿತ್ತು. ಆದರೆ ಮುದಿಮರಗಳು ಉಳಿಯದಿದ್ದರೆ ಯಾವ ಕಾನೂನೂ ಇದನ್ನು ಉಳಿಸಲಾರದು. ಹೊಸದಾಗಿ ನೆಟ್ಟ ಸಸಿ ಬೆಳೆದು ಅದರಲ್ಲಿ ಪೊಟರೆ ಮೂಡುವವರೆಗೆ ಕಾಯಲು ಈ ಹಕ್ಕಿಗೆ ಕಾಲಾವಕಾಶವಿಲ್ಲ.