ಕುದುರೆಯ ವಂಶಾವಳಿ: ಒಂದು ಸಾಕ್ಷ್ಯ, ಒಂದು ಅಮಾನತ್

ಪವಿತ್ರ ಕುರ್‌ಆನಿನ ನೂರನೆಯ ಅಧ್ಯಾಯ ‘ಅಲ್ ಆದಿಯಾತ್’ ಏದುಸಿರು ಬಿಡುತ್ತ ಓಡುವವುಗಳ ಮೇಲಿನ ಆಣೆಯಿಂದ ಆರಂಭವಾಗುತ್ತದೆ. ಹೆಚ್ಚಿನ ವ್ಯಾಖ್ಯಾನಕಾರರು ಅವುಗಳನ್ನು ಕುದುರೆಗಳೆಂದೇ ಗ್ರಹಿಸಿದ್ದಾರೆ. ಗೊರಸಿನಿಂದ ಕಿಡಿ ಹಾರಿಸುವ, ಮುಂಜಾವಿನಲ್ಲಿ ಧೂಳೆಬ್ಬಿಸುತ್ತ ಮುನ್ನುಗ್ಗುವ ಈ ಜೀವಿಗಳನ್ನು ಬಣ್ಣಿಸಿದ ಬೆನ್ನಿಗೇ, ಮನುಷ್ಯನು ತನ್ನ ಪ್ರಭುವಿಗೆ ಕೃತಘ್ನನಾಗಿರುವನೆಂಬ ಎಚ್ಚರಿಕೆ ಬರುತ್ತದೆ. ಹಿಡಿ ಮೇವು ಕೊಟ್ಟ ಒಡೆಯನಿಗಾಗಿ ಕುದುರೆಯು ಪ್ರಾಣವನ್ನೇ ಪಣವಾಗಿಡುತ್ತದೆ; ಸಕಲವನ್ನೂ ಪಡೆದ ಮನುಷ್ಯನು ಕೊಟ್ಟವನನ್ನೇ ಮರೆಯುತ್ತಾನೆ. ಕುದುರೆಯನ್ನು ಸಾಕುವವನು ಮೊದಲು ಓದಬೇಕಾದ ಅಧ್ಯಾಯವಿದು ಎಂದು ನನಗೆ ಅನಿಸುತ್ತದೆ.

ಶುದ್ಧ ತಳಿಯ ಕುದುರೆಯನ್ನು ಒಬ್ಬನು ಏಕೆ ಸಾಕಬೇಕು? ಈ ಪ್ರಶ್ನೆಗೆ ಪ್ರವಾದಿವರ್ಯರು(ಸ) ನೀಡಿದ ಉತ್ತರವೊಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಕುದುರೆಯು ಒಬ್ಬನಿಗೆ ಪುಣ್ಯ, ಮತ್ತೊಬ್ಬನಿಗೆ ರಕ್ಷಣೆಯ ಮರೆ, ಇನ್ನೊಬ್ಬನಿಗೆ ಪಾಪದ ಹೊರೆ ಎಂಬುದು ಅದರ ಸಾರ. ಅಲ್ಲಾಹನ ಮಾರ್ಗದಲ್ಲಿ ಸಾಕಿದವನ ಕುದುರೆಯು ಉದ್ದನೆಯ ಹಗ್ಗದಲ್ಲಿ ಹುಲ್ಲುಗಾವಲಿನಲ್ಲಿ ಮೇದದ್ದು, ಅದರ ಹೆಜ್ಜೆಗುರುತು, ಅದರ ಲದ್ದಿ ಕೂಡ ಅವನ ಪುಣ್ಯದ ಲೆಕ್ಕಕ್ಕೆ ಸೇರುತ್ತವೆ. ಹಾದಿಯಲ್ಲಿ ಸಿಕ್ಕ ಹೊಳೆಯಲ್ಲಿ, ಒಡೆಯನು ಕುಡಿಸಬೇಕೆಂದು ಬಯಸದಿದ್ದರೂ, ಅದು ತಾನಾಗಿ ನೀರು ಕುಡಿದರೆ ಅದೂ ಸೇರುತ್ತದೆ. ಇತರರ ಮುಂದೆ ಕೈಚಾಚದಿರಲು ಸಾಕುವವನು, ಅದರಲ್ಲಿರುವ ಅಲ್ಲಾಹನ ಹಕ್ಕನ್ನು ಮರೆಯದಿದ್ದರೆ, ಸುರಕ್ಷಿತನು. ಜಂಭಕ್ಕಾಗಿ, ತೋರಿಕೆಗಾಗಿ ಸಾಕುವವನಿಗೆ ಅದೇ ಪ್ರಾಣಿಯು ಹೊರೆಯಾಗುತ್ತದೆ. ಕುದುರೆ ಮೂವರದ್ದೂ ಒಂದೇ. ಬೇರೆಯಾಗಿರುವುದು ಸಾಕಲು ಕಾರಣವಾದ ನಿಯ್ಯತ್ತು.

ಇಲ್ಲಿ ಒಂದು ತೊಡಕಿದೆ. ಮನುಷ್ಯರಲ್ಲಿ ವಂಶದ ಹೆಮ್ಮೆಯನ್ನು ಅಳಿಸಿದ ಧರ್ಮವು ಕುದುರೆಯ ವಂಶವನ್ನು ಹೇಗೆ ನೋಡಿತು? ಯುದ್ಧದಲ್ಲಿ ದೊರೆತ ಸೊತ್ತಿನಲ್ಲಿ ಕುದುರೆಗೂ ಪಾಲಿತ್ತು. ಅಪ್ಪಟ ಅರಬಿ ಕುದುರೆಗೆ ಹೆಚ್ಚು, ‘ಬಿರ್ದೌನ್’ ಎನಿಸಿದ ಅರಬೇತರ ಕುದುರೆಗೆ ಕಡಿಮೆ ಕೊಡಬೇಕೇ ಎಂದು ಕರ್ಮಶಾಸ್ತ್ರಜ್ಞರು ಚರ್ಚಿಸಿದರು. ಹಾಗೆ ಭೇದ ಮಾಡಿದವರೂ ಇದ್ದರು. ಆದರೆ ಇಮಾಮ್ ಮಾಲಿಕ್(ರ) ತಮ್ಮ ‘ಮುವತ್ತಾ’ದಲ್ಲಿ ಬಿರ್ದೌನ್ ಮತ್ತು ಮಿಶ್ರತಳಿಗಳನ್ನೂ ಕುದುರೆಗಳೆಂದೇ ಪರಿಗಣಿಸಿದರು, ಕುರ್‌ಆನ್ ‘ಕುದುರೆ’ ಎಂದಾಗ ಅವನ್ನು ಹೊರಗಿಟ್ಟಿಲ್ಲವೆಂಬುದು ಅವರ ವಾದ. ಅಂದರೆ ತಳಿಯು ಗೌರವದ ಪದವಿಯಲ್ಲ. ಅದರ ಬೆಲೆ ಬೇರೆಡೆ ಇದೆ: ತಾಯಿತಂದೆಯರು ಇಂಥವರೆಂದು ನಿಶ್ಚಿತವಾಗಿ ತಿಳಿದಾಗ ಮರಿಯ ದಮ್ಮು, ಸ್ವಭಾವ, ಎಲುಬಿನ ಗಟ್ಟಿತನವನ್ನು ಮೊದಲೇ ಅಂದಾಜಿಸಬಹುದು. ವಂಶಾವಳಿಯೆಂದರೆ ಕೊಳ್ಳುವವನಿಗೆ ಕೊಟ್ಟ ಮಾತು.

ಬದೂಯಿ ಅರಬರು ಈ ಮಾತನ್ನು ಸಾಕ್ಷ್ಯವೆಂದೇ ಭಾವಿಸಿದರು. ‘ಅಸೀಲ್’ ಅಂದರೆ ಅಪ್ಪಟ ಕುದುರೆಯನ್ನು ಮಾರುವಾಗ ಬರೆದುಕೊಡುತ್ತಿದ್ದ ಪತ್ರಕ್ಕೆ ‘ಹುಜ್ಜಾ’ ಎಂದು ಹೆಸರು. ಪುರಾವೆ ಎಂಬುದು ಆ ಪದದ ಅರ್ಥ. ಅಲ್ಲಾಹನ ನಾಮದಿಂದ ಆರಂಭಿಸಿ, ಕುದುರೆಯ ಮನೆತನ, ತಾಯಿ, ತಂದೆಗಳನ್ನು ಹೇಳಿ, ಬಲ್ಲವರು ಆಣೆಯಿಟ್ಟು ಅದಕ್ಕೆ ಮುದ್ರೆಯೊತ್ತುತ್ತಿದ್ದರು. ಕುಹೈಲಾನ್, ಸಕ್ಲಾವಿ, ಉಬಯ್ಯಾನ್, ಹಮ್ದಾನಿ, ಹದ್ಬಾನ್ ಎಂಬ ಪ್ರಸಿದ್ಧ ಮನೆತನಗಳು ತಾಯಿಯ ಕಡೆಯಿಂದಲೇ ಎಣಿಕೆಯಾಗುತ್ತಿದ್ದವು. ಹೆಣ್ಣು ಕುದುರೆಯೇ ಕುಟುಂಬದ ಆಸ್ತಿ. ಚಳಿಯ ರಾತ್ರಿಗಳಲ್ಲಿ ಅದಕ್ಕೆ ಗುಡಾರದಲ್ಲೇ ಜಾಗ. ಬರಗಾಲದಲ್ಲಿ ಒಂಟೆಯ ಹಾಲು ಮಕ್ಕಳೊಂದಿಗೆ ಅದಕ್ಕೂ ಪಾಲಾಗುತ್ತಿತ್ತು.

ಈ ಐದು ಮನೆತನಗಳ ಬಗ್ಗೆ ಜನಪ್ರಿಯ ಕಥೆಯೊಂದಿದೆ. ಬಾಯಾರಿದ ಕುದುರೆಗಳನ್ನು ನೀರಿನತ್ತ ಬಿಟ್ಟು ಪ್ರವಾದಿವರ್ಯರು(ಸ) ಮರಳಿ ಕರೆದಾಗ ಐದು ಹೆಣ್ಣು ಕುದುರೆಗಳು ಮಾತ್ರ ನೀರು ಬಿಟ್ಟು ಹಿಂದಿರುಗಿದವಂತೆ, ಅವುಗಳಿಂದಲೇ ಈ ತಳಿಗಳಂತೆ. ವಿಶ್ವಸನೀಯ ಹದೀಸ್ ಸಂಗ್ರಹಗಳಲ್ಲಿ ಈ ಕಥೆ ಇಲ್ಲ. ಕುದುರೆ ಮಾರಾಟದ ಮಾತಿನಲ್ಲಿ ಇಂದಿಗೂ ಅದನ್ನು ಕೇಳುವುದುಂಟು. ಪ್ರವಾದಿವರ್ಯರ(ಸ) ಹೆಸರಿನಲ್ಲಿ ಆಧಾರವಿಲ್ಲದ್ದನ್ನು ಹೇಳಿ ಬೆಲೆ ಏರಿಸುವುದು ವಂಶಾವಳಿಯನ್ನು ತಿದ್ದುವುದಕ್ಕಿಂತಲೂ ಗಂಭೀರವಾದದ್ದು. ದಾಖಲೆ ಬೇಕೆಂದರೆ ಅದಕ್ಕೂ ಪರಂಪರೆಯಿದೆ: ಕೂಫಾದ ಹಿಶಾಮ್ ಇಬ್ನುಲ್ ಕಲ್ಬಿ ಹಿಜರಿ ಎರಡನೆಯ ಶತಮಾನದಲ್ಲೇ ಅರಬರ ಖ್ಯಾತ ಕುದುರೆಗಳ ವಂಶಗಳ ಕುರಿತು ಗ್ರಂಥ ರಚಿಸಿದರು. 19ನೆಯ ಶತಮಾನದ ಈಜಿಪ್ಟಿನಲ್ಲಿ, 1848ರಿಂದ 1854ರವರೆಗೆ ಆಳಿದ ಅಬ್ಬಾಸ್ ಪಾಷಾ ಬದೂಯಿ ಕಬೀಲಗಳ ಬಳಿಗೆ ತನ್ನವರನ್ನು ಕಳುಹಿಸಿ, ಹಿರಿಯರ ಬಾಯಿಂದಲೇ ಪ್ರತಿ ವಂಶದ ಸಾಕ್ಷ್ಯವನ್ನು ಬರೆಸಿಕೊಂಡನು. ಅವನ ಹತ್ಯೆಯ ನಂತರ ಕುದುರೆಗಳು ಚದುರಿಹೋದವು, ಬರಹ ಉಳಿಯಿತು. ಅದರಿಂದಾಗಿಯೇ ಆ ಕುದುರೆಗಳ ಸಂತತಿಯನ್ನು ನಂತರದವರು ಗುರುತಿಸಲು ಸಾಧ್ಯವಾಯಿತು.

ತಳಿ ಸಾಕಣೆಯಲ್ಲಿ ಹಣವು ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದನ್ನು ಶರೀಅತ್ ಅಚ್ಚರಿಯಾಗುವಷ್ಟು ಸೂಕ್ಷ್ಮವಾಗಿ ಗಮನಿಸಿದೆ. ಗಂಡು ಪ್ರಾಣಿಯನ್ನು ಹೆಣ್ಣಿನೊಂದಿಗೆ ಕೂಡಿಸಲು ಶುಲ್ಕ ಪಡೆಯುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರೆಂದು ಬುಖಾರಿಯಲ್ಲಿದೆ. ಕಿಲಾಬ್ ಗೋತ್ರದವನೊಬ್ಬನು, ತಮಗೆ ಜನರು ಗೌರವಾರ್ಥ ಉಡುಗೊರೆ ಕೊಡುತ್ತಾರೆಂದಾಗ ಅದಕ್ಕೆ ಅನುಮತಿಯಿತ್ತರೆಂದು ತಿರ್ಮಿದಿ ವರದಿ ಮಾಡಿದ್ದಾರೆ. ಬಹುತೇಕ ವಿದ್ವಾಂಸರು ಶುಲ್ಕವನ್ನು ಒಪ್ಪಲಿಲ್ಲ. ಮಾಲಿಕಿಗಳು ನಿಗದಿತ ಅವಧಿಗೆ ಬಾಡಿಗೆ ನೀಡುವುದನ್ನು ಅನುಮತಿಸಿದರು. ಗರ್ಭದಲ್ಲಿರುವುದರ ವ್ಯಾಪಾರಕ್ಕೂ ತಡೆಯಿದೆ. ಇಂದು ಖ್ಯಾತ ಬೀಜದ ಕುದುರೆಯ ಒಂದು ಕೂಡಿಕೆಗೆ ಲಕ್ಷಾಂತರ ರೂಪಾಯಿ ಕೇಳುವ ಲೋಕದಲ್ಲಿ ಈ ನಿಯಮ ವಿಚಿತ್ರವೆನಿಸಬಹುದು. ಆದರೆ ಶುಲ್ಕವೇ ಗುರಿಯಾದಾಗ ಒಂದೇ ಗಂಡಿನ ಸಂತತಿ ಎಲ್ಲೆಡೆ ಹರಡಿ, ತಳಿಯ ರಕ್ತ ಕಿರಿದಾಗುತ್ತದೆ. ನಮ್ಮ ಊರುಗಳಲ್ಲಿ ಹೋತಕ್ಕೆ, ಕೋಣಕ್ಕೆ ಹಣ ಪಡೆಯುವವರಿಗೂ ಈ ಮಸ್‌ಅಲಾ ಅನ್ವಯಿಸುತ್ತದೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ಮೇವಿನ ವಿಷಯದಲ್ಲಿ ಹ. ಉಮರ್(ರ)ರ ಕಾಲದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಸಾರ್ವಜನಿಕ ಪ್ರಾಣಿಗಳಿಗಾಗಿ ‘ಹಿಮಾ’ ಎಂಬ ಕಾದಿಟ್ಟ ಹುಲ್ಲುಗಾವಲುಗಳಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದ ಹುನೈಗೆ ಖಲೀಫರು ನೀಡಿದ ಸೂಚನೆ ಬುಖಾರಿಯಲ್ಲಿದೆ: ಒಂದಿಷ್ಟು ಒಂಟೆ, ಕುರಿಗಳಷ್ಟೇ ಇರುವ ಬಡವನನ್ನು ಒಳಗೆ ಬಿಡಬೇಕು, ಇಬ್ನ್ ಔಫ್ ಮತ್ತು ಇಬ್ನ್ ಅಫ್ಫಾನ್‌ರಂಥ ಶ್ರೀಮಂತರ ಹಿಂಡುಗಳನ್ನು ದೂರವಿಡಬೇಕು. ಬಡವನ ಪ್ರಾಣಿ ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫರ ಬಾಗಿಲಿಗೇ ಬರುತ್ತಾನಲ್ಲವೇ! ಒಳ್ಳೆಯ ಕುದುರೆ ಬೇಕೆಂದು ನೆರೆಯವನ ಕುರಿಗಳನ್ನು ಉಪವಾಸ ಕೆಡವಲು ಅವರು ಸಿದ್ಧರಿರಲಿಲ್ಲ.

ಸಾಕದೆ ಬರೀ ಕೊಳ್ಳುವ ರಾಜ್ಯದ ಗತಿ ಏನಾಗುತ್ತದೆಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಹೊರ್ಮುಜ್‌ನಿಂದ ಹೊರಟ ಹಡಗುಗಳು ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಕುದುರೆಗಳನ್ನು ಇಳಿಸುತ್ತಿದ್ದವು. ವಿಜಯನಗರದ ಸಾಳುವ ನರಸಿಂಹನು ಕುದುರೆಗಳನ್ನು ಸತ್ತರೂ ಬದುಕಿದರೂ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತಂತೆ. ಅದಕ್ಕೂ ಮೊದಲು, 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಆರೈಕೆ ಬಲ್ಲವರಿಲ್ಲದೆ ಕುದುರೆಗಳು ಸಾಯುತ್ತಿದ್ದವು, ವ್ಯಾಪಾರಿಗಳು ಬೇಡಿಕೆ ಕುಗ್ಗದಿರಲೆಂದು ಅಂಥ ವೈದ್ಯರನ್ನು ಕರೆತರುತ್ತಿರಲಿಲ್ಲ ಎನ್ನುತ್ತಾನೆ. ಆ ವ್ಯಾಪಾರದಲ್ಲಿ ಮುಸ್ಲಿಮರೂ ಇದ್ದರೆಂಬುದನ್ನು ಮರೆಮಾಚಬೇಕಿಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ಕುಣಿಗಲ್‌ನಲ್ಲಿ ಸೈನ್ಯದ ಕುದುರೆಗಳನ್ನು ನಾಡಿನಲ್ಲೇ ಬೆಳೆಸುವ ಯತ್ನ ನಡೆದದ್ದರ ಮಹತ್ವ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. 1799ರ ಬಳಿಕ ಅದು ಬ್ರಿಟಿಷರ ಕೈಸೇರಿತು. ಮುಂದೆ ಅಲ್ಲಿ ಜೂಜಿನ ಓಟದ ಥರೋಬ್ರೆಡ್ ಕುದುರೆಗಳು ಬೆಳೆದವು. ಆ ತಳಿಯ ಮೂಲ ಗಂಡುಗಳಲ್ಲಿ ಒಂದನ್ನು 1704ರಲ್ಲಿ ಅಲೆಪ್ಪೊದಿಂದ ಇಂಗ್ಲೆಂಡಿಗೆ ಒಯ್ಯಲಾಗಿತ್ತು. ಕುದುರೆಗೆ ಜೂಜಿನ ಅರಿವಿಲ್ಲ, ಆ ಪಾಪ ಅದರದ್ದಲ್ಲ.

ಇಂದು ಯುದ್ಧಕ್ಕಾಗಿ ಕುದುರೆಯನ್ನು ಕಾಯುವ ಸೈನ್ಯ ವಿರಳ. ಹಾಗಾದರೆ ತಳಿ ಸಾಕಲು ಉಳಿದಿರುವ ಕಾರಣವೇನು? ಅರಬಿ ಕುದುರೆಗಳಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಮರಿ ಹುಟ್ಟುವ ಆನುವಂಶಿಕ ಕಾಯಿಲೆಯೊಂದಿದೆ. ಆ ದೋಷವನ್ನು ಹೊತ್ತ ಹೆಣ್ಣು, ಗಂಡುಗಳೆರಡೂ ನೋಡಲು ಆರೋಗ್ಯವಾಗಿಯೇ ಇರುತ್ತವೆ. ಅವೆರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಅದು ಬರುವ ಸಂಭವವಿದೆ, ಬಂದ ಮರಿ ಕೆಲವೇ ತಿಂಗಳಲ್ಲಿ ಸಾಯುತ್ತದೆ. ರಕ್ತ ಅಥವಾ ಕೂದಲಿನ ಡಿಎನ್‌ಎ ಪರೀಕ್ಷೆಯಿಂದ ಇದನ್ನು ಮೊದಲೇ ತಿಳಿಯಬಹುದು. ಪ್ರದರ್ಶನದ ಬಹುಮಾನಕ್ಕಾಗಿ ಮೂಗಿನ ಎಲುಬು ಅತಿಯಾಗಿ ತಗ್ಗಿದ ಮುಖವನ್ನೇ ಆರಿಸಿ ಬೆಳೆಸುವವರೂ ಇದ್ದಾರೆ. ಉಸಿರಾಟಕ್ಕೆ ತೊಂದರೆಯಾದೀತೆಂದು ಪಶುವೈದ್ಯರು ಎಚ್ಚರಿಸಿದ್ದಾರೆ. ಹದೀಸಿನಲ್ಲಿ ಬಂದ ಮೂರನೆಯ ವ್ಯಕ್ತಿ ಇವನೇ ಅಲ್ಲವೇ?

ಹೊಣೆಯರಿತ ಸಾಕಣೆದಾರನು ಪರೀಕ್ಷೆಯ ಫಲಿತಾಂಶವನ್ನು ಕೊಳ್ಳುವವನಿಗೆ ತೋರಿಸುತ್ತಾನೆ, ಎಷ್ಟೇ ಚೆಂದದ ಜೋಡಿಯಾದರೂ ದೋಷವಿದ್ದರೆ ಕೂಡಿಸುವುದಿಲ್ಲ. ಹೆಣ್ಣು ಕುದುರೆ ಹನ್ನೊಂದು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಅದಕ್ಕೆ ಬಿಡುವು ಕೊಡುತ್ತಾನೆ. ಪ್ರವಾದಿವರ್ಯರು(ಸ) ತಮ್ಮ ಹೊದಿಕೆಯಿಂದಲೇ ಕುದುರೆಯ ಮುಖ ಒರೆಸುತ್ತಿದ್ದುದನ್ನು ಕಂಡವರು ಕಾರಣ ಕೇಳಿದಾಗ, ಕುದುರೆಗಳ ವಿಷಯದಲ್ಲಿ ರಾತ್ರಿ ತಮ್ಮನ್ನು ಆಕ್ಷೇಪಿಸಲಾಯಿತೆಂದು ಉತ್ತರಿಸಿದರೆಂದು ಮುವತ್ತಾದಲ್ಲಿದೆ. ಮರಿ ಹಾಕಲಾರದ ಮುದಿ ಕುದುರೆಯನ್ನು ಲಾಯದಿಂದ ಹೊರಗಟ್ಟಲು ಹೊರಟವನು ಆ ಹೊದಿಕೆಯನ್ನು ಒಮ್ಮೆ ನೆನೆಯಲಿ.